ಅರಮನೆ ಸುತ್ತ ದುಡಿಯುವ ಮನೆಗಳಿಗೆ ದಿನಸಿ ಕೊಡಬೇಕು ಅಂತಿದ್ದೇವೆ. ಯಾರಿಗೆ, ಏನು, ಹೇಗೆ?

ಕುವೆಂಪುನಗರ ಹುಡುಗ
ಜೂನ್ 2021

ಎಲ್ಲರಿಗೂ ನಮಸ್ಕಾರ. ನಾವು ಒಂದೇ ಕಾಲೇಜಿನ ಏಳೆಂಟು ಜನ ಗೆಳೆಯರು, ಎಲ್ಲರೂ ಮೈಸೂರಿನವರೇ. ಗೊತ್ತಿರುವವರನ್ನೆಲ್ಲ ಕೇಳಿ ಸುಮಾರು 60,000 ರೂಪಾಯಿ ಸೇರಿಸಿದ್ದೇವೆ. ಅರಮನೆ, ಝೂ, ಚಾಮುಂಡಿ ಬೆಟ್ಟಕ್ಕೆ ಬರುವವರನ್ನೇ ನಂಬಿಕೊಂಡ ಮನೆಗಳಿಗೆ ದಿನಸಿ ಕೊಡಬೇಕು ಅಂತ ನಮ್ಮ ಆಸೆ. ಟಾಂಗಾದವರು, ಗೈಡ್‌ಗಳು, ಫೋಟೋ ತೆಗೆಯುವವರು, ಕೊಳಲು, ಬೊಂಬೆ ಮಾರುವವರು, ಲಾಡ್ಜ್ ಹುಡುಗರು.

ಕಳೆದ ವರ್ಷ ಮಾರ್ಚ್‌ನಲ್ಲಿ ಕೊರೊನಾ ಅಂತ ಅರಮನೆ ಬಾಗಿಲು ಹಾಕಿದ್ದು, ಜೂನ್ 8ಕ್ಕೆ ತೆಗೆದರು. ಜನ ಮಾತ್ರ ಬರಲಿಲ್ಲ. ದಸರಾ ಜಂಬೂ ಸವಾರಿಯೂ ಮುನ್ನೂರು ಜನರ ಮುಂದೆ ಅರಮನೆ ಆವರಣದಲ್ಲೇ ಮುಗಿಯಿತು. ಸ್ವಲ್ಪ ಚೇತರಿಸಿಕೊಳ್ಳುವಷ್ಟರಲ್ಲಿ ಈ ಏಪ್ರಿಲ್‌ನಿಂದ ಮತ್ತೆ ಎಲ್ಲ ಬಂದ್. ಬೇರೆ ಜಿಲ್ಲೆಗಳಲ್ಲಿ ಸಡಿಲ ಮಾಡಿದರೂ ನಮ್ಮಲ್ಲಿ ಇನ್ನೂ ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ಅಂಗಡಿ.

ಕಿಟ್‌ನಲ್ಲಿ ಏನು ಹಾಕಬೇಕು? ಹತ್ತು ಕೆಜಿ ಅಕ್ಕಿ, ಒಂದು ಕೆಜಿ ಬೇಳೆ, ಎಣ್ಣೆ ಅಂತ ಯೋಚಿಸಿದ್ದೇವೆ. ಯಾರಿಗೆ ಕೊಡಬೇಕು ಅನ್ನೋದು ಅದಕ್ಕಿಂತ ದೊಡ್ಡ ತಲೆನೋವು. ಅರಮನೆ ಹತ್ತಿರ ಹೋದರೆ ಈಗ ಯಾರೂ ಸಿಗುವುದಿಲ್ಲ. ಅವರ ಮನೆ ಎಲ್ಲಿ ಅಂತ ನಮಗೆ ಗೊತ್ತಿಲ್ಲ. ಅನುಭವ ಇರುವವರು ದಯವಿಟ್ಟು ಹೇಳಿ.

ಸರಸ್ವತಿಪುರಂ ಟೀಚರ್

ಒಳ್ಳೆ ಕೆಲಸ, ದೇವರು ಒಳ್ಳೆಯದು ಮಾಡಲಿ. ದಿನಸಿ ಬದಲು ಅಡುಗೆ ಮಾಡಿಸಿ ಪೊಟ್ಟಣ ಹಂಚಬಹುದಲ್ವಾ? ನಮ್ಮ ಬೀದಿಯಲ್ಲಿ ಕೆಲವರು ಪುಳಿಯೋಗರೆ, ಮೊಸರನ್ನ ಕೊಡುತ್ತಿದ್ದಾರೆ. ಬೇಗ ಖಾಲಿ ಆಗುತ್ತೆ, ಹಸಿದವರಿಗೇ ತಲುಪುತ್ತೆ.

ಮಂಡಿ ಮೊಹಲ್ಲಾ ದಿನಸಿ

ಮೇಡಂ, ಪೊಟ್ಟಣ ಬೇಕಾದವರು ಬೇರೆ. ರಸ್ತೆ ಬದಿ ಮಲಗುವವರು, ಆಸ್ಪತ್ರೆ ಮುಂದೆ ಕಾಯುವವರು, ರೂಮಿನಲ್ಲಿ ಒಲೆ ಇಲ್ಲದ ಲಾಡ್ಜ್ ಹುಡುಗರು. ಅವರಿಗೆ ಅದು ದೊಡ್ಡ ಉಪಕಾರ. ಈ ತಮ್ಮ ಕೇಳುತ್ತಿರುವುದು ಸಂಸಾರಸ್ಥರ ವಿಷಯ. ಅವರು ಪೊಟ್ಟಣದ ಸಾಲಿನಲ್ಲಿ ನಿಲ್ಲುವುದಿಲ್ಲ. ಮೂರು ಜನ ಮಕ್ಕಳನ್ನು ಕರೆದುಕೊಂಡು ಹೋಗಿ ನಿಲ್ಲಲು ಯಾವ ತಾಯಿಗೂ ಮನಸ್ಸು ಬರಲ್ಲ.

ತಮ್ಮಾ, ನನ್ನದು ಮಂಡಿ ಮೊಹಲ್ಲಾದಲ್ಲಿ ಸಣ್ಣ ದಿನಸಿ ಅಂಗಡಿ, ಅಪ್ಪನ ಕಾಲದ್ದು. ನನ್ನ ಗಿರಾಕಿಗಳಲ್ಲಿ ಟೂರಿಸ್ಟರಿಂದ ಅನ್ನ ತಿನ್ನುವವರೇ ಜಾಸ್ತಿ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ಅಕ್ಕಿ ಬಿಡಿ. ಬಿಪಿಎಲ್ ಕಾರ್ಡ್ ಇರುವ ಮನೆಗೆ ಅಕ್ಕಿ ಇದೆ. ಕೇಂದ್ರದ ಗರೀಬ್ ಕಲ್ಯಾಣ್ ಯೋಜನೆಯಲ್ಲಿ ತಲೆಗೆ 5 ಕೆಜಿ ಮೇ ತಿಂಗಳಿಂದ ಮತ್ತೆ ಬರುತ್ತಿದೆ. ದೀಪಾವಳಿವರೆಗೂ ಕೊಡುತ್ತೇವೆ ಅಂತ ಈ ತಿಂಗಳು ಹೇಳಿದ್ದಾರೆ. ಅದರ ಮೇಲೆ ರಾಜ್ಯದ ಅನ್ನಭಾಗ್ಯ. ಹೋದ ವರ್ಷ ಮನೆಗೆ 1 ಕೆಜಿ ಬೇಳೆಯೂ ಸೇರಿತ್ತು. ಈ ಸಲ ಬರೀ ಧಾನ್ಯ. ಅನ್ನವೇನೋ ಬೇಯುತ್ತೆ, ಸಾರಿಗೆ ಏನು ಹಾಕುವುದು? ಸೂರ್ಯಕಾಂತಿ ಎಣ್ಣೆ ಲೀಟರ್‌ಗೆ 170 ದಾಟಿದೆ. ಗ್ಯಾಸ್ ಸಿಲಿಂಡರ್ 800ರ ಮೇಲೆ. ಮನೆಯಲ್ಲಿ ಅಕ್ಕಿ ಮೂಟೆ ಇಟ್ಟುಕೊಂಡೇ ಹಸಿದಿರುವವರನ್ನು ನಾನು ದಿನಾ ನೋಡುತ್ತಿದ್ದೇನೆ.

ಅರಮನೆ ಮುಂದೆ ಫೋಟೋ ತೆಗೆದು ಅಲ್ಲೇ ಪ್ರಿಂಟ್ ಹಾಕಿಕೊಡುವ ಒಬ್ಬರಿದ್ದಾರೆ, ನಮ್ಮ ಹಳೇ ಗಿರಾಕಿ. ಹೋದ ವಾರ ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೇ ಬಂದು ನಿಂತಿದ್ದರು. ಇದ್ದ ಒಬ್ಬಿಬ್ಬರು ಹೋಗುವವರೆಗೆ ಪಕ್ಕದಲ್ಲೇ ಕಾದರು. ಆಮೇಲೆ ಚೀಲದಿಂದ ಐದಾರು ಕೆಜಿ ಅಕ್ಕಿ ತೆಗೆದು ತಕ್ಕಡಿ ಪಕ್ಕ ಇಟ್ಟು, 'ಅಣ್ಣಾ, ಇದನ್ನ ಇಟ್ಕೊಂಡು ಒಂದು ಲೀಟರ್ ಎಣ್ಣೆ, ಕಾಲು ಕೆಜಿ ಬೇಳೆ ಕೊಡಿ' ಅಂದರು. ರೇಷನ್ ಅಕ್ಕಿ ಅಂಗಡಿಯವರು ಕೊಂಡುಕೊಳ್ಳುವ ಹಾಗಿಲ್ಲ. ಎಣ್ಣೆ, ಬೇಳೆ ಕೊಟ್ಟು ಅಕ್ಕಿ ವಾಪಸ್ ಕಳಿಸಿದೆ. ಕೊರಳಿಗೆ ಎರಡು ಕ್ಯಾಮೆರಾ ಹಾಕಿಕೊಂಡು, ಇಸ್ತ್ರಿ ಮಾಡಿದ ಶರ್ಟಿನಲ್ಲಿ ವರಾಹ ದ್ವಾರದ ಹತ್ತಿರ ಓಡಾಡುತ್ತಿದ್ದ ಮನುಷ್ಯ ಅವರು. ಈಗ ಒಂದು ಕ್ಯಾಮೆರಾ ಗಿರವಿ ಅಂಗಡಿಯಲ್ಲಿದೆ. ಇಂಥ ಮನೆಗೆ ನೀವು ಇನ್ನೊಂದು ಹತ್ತು ಕೆಜಿ ಅಕ್ಕಿ ಕೊಟ್ಟರೆ ಅವರು ಅದನ್ನೂ ಮಾರಲು ಹೋಗಬೇಕಾಗುತ್ತೆ.

ಯಾರಿಗೆ ಕೊಡಬೇಕು ಅಂತ ಕೇಳಿದಿರಿ. ಬಡಾವಣೆಯ ದಿನಸಿ ಅಂಗಡಿಯವರನ್ನು ಕೇಳಿ. ಒಂದು ಮನೆ ಕಷ್ಟಕ್ಕೆ ಬೀಳುವುದು ನಮಗೆ ಬೇಗ ಗೊತ್ತಾಗುತ್ತೆ. ಮೊದಲು ತಿಂಗಳ ಸಾಮಾನಿನ ಚೀಟಿ ನಿಲ್ಲುತ್ತೆ, ದಿನಾ ಕೊಳ್ಳಲು ಶುರು ಮಾಡುತ್ತಾರೆ. ಆಮೇಲೆ ಎಣ್ಣೆ ಲೀಟರ್ ಹೋಗಿ ಸಣ್ಣ ಪ್ಯಾಕೆಟ್ ಆಗುತ್ತೆ. ಕಾಫಿಪುಡಿ ಹೋಗಿ ಟೀಪುಡಿ, ಅದೂ ಐದು ರೂಪಾಯಿಯದು. ಮಕ್ಕಳ ಬಿಸ್ಕತ್ತು ನಿಲ್ಲುತ್ತೆ. ಅದಾದ ಮೇಲೆ ದೊಡ್ಡವರು ಬರುವುದು ಬಿಟ್ಟು ಮಗುವಿನ ಕೈಯಲ್ಲಿ ಚೀಟಿ ಕಳಿಸುತ್ತಾರೆ, 'ಲೆಕ್ಕಕ್ಕೆ ಬರ್ಕೊಳ್ಳಿ' ಅಂತ. ಕಡೆಗೆ ಮಗುವೂ ಬರಲ್ಲ. ಸಾಲ ಜಾಸ್ತಿ ಆಯಿತು ಅಂತ ನಮ್ಮ ಬೀದಿಯನ್ನೇ ತಪ್ಪಿಸಿ ಸುತ್ತುಬಳಸಿ ಹೋಗುತ್ತಾರೆ. ನೀವು ಹುಡುಕಬೇಕಾದದ್ದು ಆ ಮನೆಯನ್ನು. ಅಂಗಡಿ ಮುಂದೆ ಕೈಚಾಚಿ ನಿಂತವರಿಗೆ ಯಾರಾದರೂ ಕೊಡುತ್ತಾರೆ. ಬರುವುದನ್ನೇ ಬಿಟ್ಟವರು ಯಾರು ಅಂತ ಅಂಗಡಿಯವರ ಹತ್ತಿರ ಕೇಳಿ. ನಮ್ಮ ಸಾಲದ ಪುಸ್ತಕದಲ್ಲಿ ಎಲ್ಲ ಇದೆ.

ಇನ್ನು ಸರ್ಕಾರದ ಪರಿಹಾರ. ಆಟೋ, ಟ್ಯಾಕ್ಸಿಯವರಿಗೆ 3,000 ಘೋಷಿಸಿದ್ದಾರೆ, ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಅರ್ಜಿ ಹಾಕಬೇಕು. ನೋಂದಣಿ ಆಗಿರುವ ಬೀದಿ ವ್ಯಾಪಾರಿಗೆ 2,000. ಅಗಸರಿಗೆ, ಕ್ಷೌರಿಕರಿಗೆ, ಟೈಲರ್‌ಗಳಿಗೆ 2,000. ಕೆಲವರಿಗೆ ಬರುತ್ತೆ, ಒಳ್ಳೆಯದೇ. ಆದರೆ ಅರಮನೆ ಸುತ್ತ ದುಡಿಯುವವರಲ್ಲಿ ಎಷ್ಟೋ ಜನ ಯಾವ ಪಟ್ಟಿಯಲ್ಲೂ ಇಲ್ಲ. ಲಾಡ್ಜ್‌ಗಳಲ್ಲಿ ರೂಮ್ ಗುಡಿಸುವ ಹೆಂಗಸರು. ಬಸ್ ಸ್ಟ್ಯಾಂಡಿನಲ್ಲಿ ನಿಂತು ಯಾತ್ರಿಕರಿಗೆ ರೂಮ್ ತೋರಿಸಿ ಕಮಿಷನ್ ತೆಗೆದುಕೊಳ್ಳುವವರು. ಭಾನುವಾರ ಸಂಜೆ ಅರಮನೆ ದೀಪ ಹತ್ತಿದಾಗ ಬಲೂನು, ಚುರುಮುರಿ ಮಾರುವವರು. ಇವರಿಗೆ ಗುರುತಿನ ಚೀಟಿ ಯಾರು ಕೊಟ್ಟಿದ್ದಾರೆ?

ಟೂರಿಸ್ಟ್ ಕಾರಿನವರದ್ದು ಇನ್ನೊಂದು ಸಂಕಟ. ಕಾರ್ ಸಾಲಕ್ಕೆ ಬ್ಯಾಂಕಿನವರು ಕೇಳಿದರು ಅಂತ ಆದಾಯ ತೆರಿಗೆ ರಿಟರ್ನ್ಸ್ ಹಾಕಿರುತ್ತಾರೆ. ಅಲ್ಲಿಗೆ ಬಿಪಿಎಲ್ ಕಾರ್ಡಿನ ಆಸೆ ಬಿಡಬೇಕು. ವರ್ಷಕ್ಕೆ 1.20 ಲಕ್ಷ ಮೀರಿದರೆ ಕಾರ್ಡ್ ಇಲ್ಲ. ಎರಡು ವರ್ಷದ ಹಿಂದಿನ ದುಡಿಮೆ ಕಾಗದದಲ್ಲಿದೆ, ಇವತ್ತಿನ ಒಲೆ ಖಾಲಿ ಇದೆ. ಮನೆ ಮುಂದೆ ಕಾರ್ ನಿಂತಿದೆ ಅಂತ ನೋಡಿ ಯಾರೂ ಕಿಟ್ ಕೊಡುವುದಿಲ್ಲ. ಇಂಥವರ ಮನೆಗೆ ಮಾತ್ರ ಅಕ್ಕಿಯನ್ನೂ ಕೊಡಿ.

ಲೆಕ್ಕಕ್ಕೆ ಬರೋಣ. ತೊಗರಿಬೇಳೆ 2 ಕೆಜಿ, ಎಣ್ಣೆ 2 ಲೀಟರ್, ಹೆಸರುಕಾಳು ಅಥವಾ ಅಲಸಂದೆ 1 ಕೆಜಿ, ಸಕ್ಕರೆ 1 ಕೆಜಿ, ಟೀಪುಡಿ, ಖಾರದಪುಡಿ, ಉಪ್ಪು, ಬಟ್ಟೆ ಸೋಪು, ಮೈ ಸೋಪು. ಇಷ್ಟಕ್ಕೆ 900 ರೂಪಾಯಿ ಹತ್ತಿರ ಆಗುತ್ತೆ. ನಿಮ್ಮ ದುಡ್ಡಿಗೆ ಅರವತ್ತು ಮನೆಗೆ ಒಂದು ಸಲ ಕೊಡಬಹುದು. ಹಾಗೆ ಮಾಡಬೇಡಿ. ಮೂವತ್ತು ಮನೆ ಹಿಡಿಯಿರಿ, ಎರಡು ತಿಂಗಳು ಕೊಡಿ. 54,000 ಆಗುತ್ತೆ. ಉಳಿದ 6,000 ಯಾರಿಗಾದರೂ ಗ್ಯಾಸಿಗೆ, ಬಿಪಿ ಮಾತ್ರೆಗೆ ಅಂತ ಇಟ್ಟುಕೊಳ್ಳಿ. ಮುಂದಿನ ತಿಂಗಳೂ ಬರುತ್ತೆ ಅಂತ ಗೊತ್ತಿದ್ದರೆ ಆ ಮನೆಯವರು ಮೀಟರ್ ಬಡ್ಡಿಗೆ ಕೈಹಾಕುವುದಿಲ್ಲ. ಒಂದು ಸಲದ ಕಿಟ್‌ಗೆ ಆ ಶಕ್ತಿ ಇಲ್ಲ.

ಇನ್ನೂ ಒಂದು ದಾರಿ ಇದೆ. ಬೇಳೆ, ಎಣ್ಣೆ ಎರಡನ್ನೂ ಸಂತೆಪೇಟೆಯಲ್ಲಿ ಸಗಟಿಗೆ ಕೊಂಡು ಹಂಚಿ. ಉಳಿದ ಮುನ್ನೂರು ನಾನೂರು ರೂಪಾಯಿಗೆ ಆ ಬೀದಿಯ ಅಂಗಡಿಯಲ್ಲೇ ಚೀಟಿ ಮಾಡಿಸಿ. ಮನೆಯವರು ತಮಗೆ ಬೇಕಾದದ್ದು ತೆಗೆದುಕೊಳ್ಳಲಿ. ಒಬ್ಬರಿಗೆ ಮಗುವಿನ ಹಾಲಿನಪುಡಿ ಬೇಕು, ಒಬ್ಬರಿಗೆ ಸಕ್ಕರೆ ಕಾಯಿಲೆ, ರಾಗಿಹಿಟ್ಟು ಬೇಕು. ಹೆಣ್ಣುಮಕ್ಕಳಿಗೆ ಪ್ಯಾಡ್ ಬೇಕು, ಅದನ್ನು ನಿಮ್ಮ ಹತ್ತಿರ ಯಾರು ಬಾಯಿಬಿಟ್ಟು ಕೇಳುತ್ತಾರೆ? ಬೀಡಿ, ಗುಟ್ಕಾ ಕೊಡಬೇಡಿ ಅಂತ ಅಂಗಡಿಯವರಿಗೆ ಹೇಳಿಬಿಡಿ, ಸಾಕು.

ಅಂಗಡಿಯವನು ಅಂಗಡಿಗೇ ಬನ್ನಿ ಅನ್ನುತ್ತಾನೆ ಅಂತ ಅನ್ನಿಸಬಹುದು. ನನ್ನ ಅಂಗಡಿಗೇ ಬರಬೇಕು ಅಂತಿಲ್ಲ. ಅವರು ಯಾವ ಅಂಗಡಿಯಲ್ಲಿ ಲೆಕ್ಕ ಇಟ್ಟಿದ್ದಾರೋ ಅಲ್ಲಿಗೇ ಹೋಗಿ. ಚೀಟಿ ದುಡ್ಡನ್ನು ಹಳೇ ಸಾಲಕ್ಕೆ ಹಿಡಿದುಕೊಳ್ಳುವ ಹಾಗಿಲ್ಲ ಅಂತ ಮೊದಲೇ ಮಾತಾಡಿಕೊಳ್ಳಿ. ಇದು ತುಂಬಾ ಮುಖ್ಯ.

ಕುವೆಂಪುನಗರ ಹುಡುಗ

ಅಣ್ಣಾ, ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ತುಂಬಾ ಥ್ಯಾಂಕ್ಸ್. ಅಕ್ಕಿ ಕೈಬಿಟ್ಟೆವು. ಇನ್ನೆರಡು ವಿಷಯ ಕೇಳಬೇಕು. ದುಡ್ಡು ಕೊಟ್ಟ ಕೆಲವರು ಹಂಚುವ ಫೋಟೋ ಕಳಿಸಿ ಅಂತಿದ್ದಾರೆ, ಇಲ್ಲ ಅನ್ನೋದು ಹೇಗೆ? ಇನ್ನೊಂದು, ಟಾಂಗಾದವರ ಕುದುರೆಗಳಿಗೂ ಏನಾದರೂ ಕೊಡಬೇಕಾ?

ಟಾಂಗಾ ಮನೆ ಮಗಳು

ಕುದುರೆ ವಿಷಯ ನಾನು ಹೇಳುತ್ತೇನೆ. ನಮ್ಮ ಅಬ್ಬಾ ಟಾಂಗಾ ಹೊಡೆಯುತ್ತಾರೆ, ತಾತನೂ ಅದೇ ಕೆಲಸ. ನಾನು ಬಿ.ಕಾಂ ಓದುತ್ತಿದ್ದೇನೆ.

ಕೊಡಲೇಬೇಕು. ಆಟೋ ನಿಂತರೆ ಪೆಟ್ರೋಲ್ ಉಳಿಯುತ್ತೆ. ಕುದುರೆ ನಿಂತರೂ ತಿನ್ನಬೇಕು. ನಮ್ಮ ಮನೆಯಲ್ಲಿ ಕೈಗೆ ನೂರು ರೂಪಾಯಿ ಬಂದರೆ ಮೊದಲು ಹುಲ್ಲು ಬರುತ್ತೆ, ಆಮೇಲೆ ನಮ್ಮ ತರಕಾರಿ. ಅಬ್ಬಾ ಯಾವತ್ತೂ ಹಾಗೇ. ಹಾಗಾಗಿ ಕುದುರೆಗೆ ಮೇವು ಕೊಟ್ಟರೆ ಮನೆಯವರಿಗೂ ಕೊಟ್ಟ ಹಾಗೇ ಆಗುತ್ತೆ.

ಏನು ಕೊಡಬೇಕು ಅಂದರೆ ಹುಲ್ಲು ಮುಖ್ಯ, ಹಸಿದೂ ಒಣಗಿದ್ದೂ. ಜೊತೆಗೆ ಬೂಸಾ, ಹುರುಳಿ. ಒಂದೇ ದಿನ ಬೂಸಾ ಮೂಟೆ ತಂದು ಸುರಿಯಬೇಡಿ. ಕೆಲಸ ಇಲ್ಲದೆ ನಿಂತ ಕುದುರೆಗೆ ಕಾಳು, ಬೂಸಾ ಜಾಸ್ತಿ ಹಾಕಿದರೆ ಹೊಟ್ಟೆನೋವು ಬರುತ್ತೆ, ಜೀವಕ್ಕೇ ಅಪಾಯ. ಮಿಕ್ಕ ಅನ್ನ, ಬ್ರೆಡ್ ಕೂಡ ಬೇಡ. ಪ್ರೀತಿಯಿಂದ ತಂದು ತಿನ್ನಿಸುವವರಿದ್ದಾರೆ, ಅವರಿಗೂ ಹೇಳಿ. ಲಾಳ ಒಂದೂವರೆ ಎರಡು ತಿಂಗಳಿಗೆ ಬದಲಿಸಬೇಕು. ಲಾಳ ಕಟ್ಟುವವರಿಗೂ ಈಗ ಕೆಲಸ ಇಲ್ಲ. ನಾಲ್ಕೈದು ಮನೆಗಳ ಲಾಳದ ಖರ್ಚು ನೀವು ಕೊಟ್ಟರೆ ಅವರ ಮನೆಯಲ್ಲೂ ಒಲೆ ಉರಿಯುತ್ತೆ.

ಫೋಟೋ ಬಗ್ಗೆಯೂ ಒಂದು ಮಾತು. ಹೋದ ವರ್ಷ ಒಂದು ಗುಂಪಿನವರು ಬಂದು ಅಬ್ಬಾ ಕೈಗೆ ಚೀಲ ಕೊಟ್ಟು, 'ಸ್ವಲ್ಪ ಈ ಕಡೆ ನೋಡಿ' ಅಂದರು. ಅವರು ನೋಡಿದರು. ನನ್ನ ಕ್ಲಾಸಿನವರ ವಾಟ್ಸಾಪ್ ಗುಂಪಿಗೆ ಆ ಫೋಟೋ ಬಂತು. ತಂಗಿ ಆಮೇಲೆ ಯಾರು ಕಿಟ್ ತಂದರೂ ಬಾಗಿಲು ತೆಗೆಯಬೇಡಿ ಅಂತ ಹಟ ಹಿಡಿದಳು. ದಯವಿಟ್ಟು ಬೇಡ.

ಗಂಜಾಂ ತೆಪ್ಪ

ಮೈಸೂರಿನವರ ಮಾತಿನ ಮಧ್ಯೆ ಬರುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಶ್ರೀರಂಗಪಟ್ಟಣದ ಕಡೆಯೂ ಸ್ವಲ್ಪ ನೋಡಿ. ಸಂಗಮದಲ್ಲಿ ತೆಪ್ಪ ಹಾಕುವವರು, ಗುಂಬಜ್ ಮುಂದೆ ಎಳನೀರು, ಕಬ್ಬಿನ ಹಾಲು ಮಾರುವವರು, ದರಿಯಾ ದೌಲತ್ ಹತ್ತಿರ ಟೋಪಿ, ಆಟದ ಸಾಮಾನು ಇಟ್ಟುಕೊಂಡವರು. ಎಲ್ಲರೂ ಮೈಸೂರಿಗೆ ಬಂದ ಬಸ್ಸುಗಳನ್ನೇ ಕಾಯುವವರು. ಅರಮನೆಗೆ ಜನ ಬರದಿದ್ದರೆ ನಮ್ಮಲ್ಲಿಗೂ ಇಲ್ಲ.

ನಮ್ಮ ಕಷ್ಟ ಲಾಕ್‌ಡೌನ್ ತೆಗೆದರೂ ಮುಗಿಯಲ್ಲ. ಏಪ್ರಿಲ್, ಮೇ ರಜೆಯಲ್ಲಿ ದುಡಿದದ್ದನ್ನೇ ಇಟ್ಟುಕೊಂಡು ಮಳೆಗಾಲ ಕಳೆಯುವವರು ನಾವು. ಕೆಆರ್‌ಎಸ್ 124.80 ಅಡಿ ತುಂಬಿ ನೀರು ಬಿಟ್ಟರೆ ತೆಪ್ಪ ದಡಕ್ಕೆ ಎತ್ತಿಡಬೇಕು. ಹೋದ ಬೇಸಿಗೆ ಹೋಯಿತು, ಈ ಬೇಸಿಗೆಯೂ ಹೋಯಿತು. ಇನ್ನು ಹೊಳೆ ತುಂಬುವ ಕಾಲ. ಹಳ್ಳಿ ಕಡೆಯವರು ನರೇಗಾದಲ್ಲಿ ದಿನಕ್ಕೆ 289 ರೂಪಾಯಿ ಕೂಲಿಗಾದರೂ ಹೋಗುತ್ತಾರೆ. ಪುರಸಭೆ ವ್ಯಾಪ್ತಿಯಲ್ಲಿ ಇರುವವರಿಗೆ ಅದೂ ಇಲ್ಲ.

ಮಂಡಿ ಮೊಹಲ್ಲಾ ದಿನಸಿ

ಗಂಜಾಂನವರು ಹೇಳಿದ್ದು ಸರಿ. ಮೈಸೂರಿನಲ್ಲೂ ಅದೇ ಕಥೆ. ಗೇಟ್ ತೆಗೆದ ದಿನ ದಾನ ಕೊಡುವವರು 'ಸರಿಹೋಯಿತು' ಅಂತ ನಿಲ್ಲಿಸುತ್ತಾರೆ. ಹೋದ ವರ್ಷ ಜೂನ್‌ನಲ್ಲಿ ಅರಮನೆ ತೆಗೆದಾಗ ನನ್ನ ಸಾಲದ ಪುಸ್ತಕ ಇನ್ನೂ ದಪ್ಪ ಆಯಿತು, ತೆಳ್ಳಗಾಗಲಿಲ್ಲ. ಕೇರಳದವರು ಬರಬೇಕು, ನಮ್ಮ ಊರಿಗೆ ಅವರೇ ದೊಡ್ಡ ಗಿರಾಕಿ. ಈ ಫೆಬ್ರವರಿಯಿಂದ ಅವರಿಗೆ ಆರ್‌ಟಿ-ಪಿಸಿಆರ್ ಕೇಳುತ್ತಿದ್ದಾರೆ, ಯಾರು ಸಂಸಾರ ಸಮೇತ ಟೆಸ್ಟ್ ಮಾಡಿಸಿಕೊಂಡು ಅರಮನೆ ನೋಡಲು ಬರುತ್ತಾರೆ? ಡಿಸೆಂಬರ್ ಅಂದರೆ ಶಾಲಾ ಪ್ರವಾಸದ ಬಸ್ಸುಗಳ ಕಾಲ. ಶಾಲೆ ಸರಿಯಾಗಿ ನಡೆಯದೆ ಪ್ರವಾಸ ಎಲ್ಲಿಂದ? ಹಾಗಾಗಿ ತಮ್ಮಾ, ಎರಡನೇ ತಿಂಗಳ ಕಿಟ್ ಅನ್ನು ಎಲ್ಲ ತೆರೆದ ಮೇಲೆಯೇ ಕೊಡಿ. ಆಗ ಕೊಡುವವರು ಯಾರೂ ಇರುವುದಿಲ್ಲ.

ಫೋಟೋ ಕೇಳುವವರಿಗೆ ಬಿಲ್ ಕಳಿಸಿ. ಸಂತೆಪೇಟೆಯ ಬಿಲ್, ಅಂಗಡಿ ಚೀಟಿಗಳ ಲೆಕ್ಕ, ಕಟ್ಟಿಟ್ಟ ಚೀಲಗಳ ಫೋಟೋ. ಮುಖ ಬೇಡ, ಹೆಸರು ಬೇಡ, ಮನೆ ಬಾಗಿಲೂ ಬೇಡ. ಇಷ್ಟಕ್ಕೆ ಒಪ್ಪದವರ ದುಡ್ಡು ವಾಪಸ್ ಕೊಟ್ಟುಬಿಡಿ. ಮೂವತ್ತರ ಬದಲು ಇಪ್ಪತ್ತೈದು ಮನೆ ಆಗಲಿ, ಪರವಾಗಿಲ್ಲ.

ಆ ಹೆಣ್ಣುಮಗಳು ಹೇಳಿದ ಮೇವಿಗೆ ಬೇರೆ ದುಡ್ಡು ಎತ್ತಿ. ಪ್ರಾಣಿಗೆ ಅಂದರೆ ಕೊಡುವ ಜನ ಇದ್ದಾರೆ. ಝೂನಲ್ಲಿ ಆನೆ, ಹುಲಿಗಳನ್ನು ವರ್ಷಕ್ಕಿಷ್ಟು ಅಂತ ದತ್ತು ತೆಗೆದುಕೊಳ್ಳುವವರು ಇಲ್ಲವಾ? ಅದೇ ಮನಸ್ಸಿನವರನ್ನು ಕೇಳಿ. ಮನುಷ್ಯರ ಬೇಳೆ ದುಡ್ಡಿಗೆ ಕೈಹಾಕಬೇಡಿ.

ಕೊರೊನಾ ಬಂದ ಮನೆಯವರು ಅಂಗಡಿಗೆ ಬರಲು ಆಗಲ್ಲ. ಅವರಿಗೆ ಚೀಟಿ ಉಪಯೋಗ ಇಲ್ಲ, ಚೀಲ ಬಾಗಿಲ ಹತ್ತಿರ ಇಟ್ಟು ಫೋನ್ ಮಾಡಿ. ಯಾವ ಮನೆ ಅಂತ ಆಶಾ ಕಾರ್ಯಕರ್ತೆಯರಿಗೆ ಗೊತ್ತಿರುತ್ತೆ. ಬಸುರಿ, ಬಾಣಂತಿ ಇರುವ ಮನೆಯಲ್ಲಿ ಅಂಗನವಾಡಿಯಿಂದ ಸಾಮಾನು ಬರುತ್ತಿದೆಯಾ ಅಂತ ಕೇಳಿ. ಬರದಿದ್ದರೆ ಅಂಗನವಾಡಿಗೆ ಹೋಗಿ ವಿಚಾರಿಸಿ. ಬಿಹಾರ, ಅಸ್ಸಾಂ ಕಡೆಯ ಹೋಟೆಲ್ ಹುಡುಗರು ಕಂಡರೆ ಊರಿನ ರೇಷನ್ ಕಾರ್ಡಿನಲ್ಲಿ ಅವರ ಹೆಸರಿದೆಯಾ ಕೇಳಿ. ಒಂದು ದೇಶ ಒಂದು ಕಾರ್ಡ್ ಯೋಜನೆಗೆ ಆ ರಾಜ್ಯ ಸೇರಿದ್ದು, ಆಧಾರ್ ಜೋಡಣೆ ಆಗಿದ್ದರೆ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೇ ಹೆಬ್ಬೆಟ್ಟು ಒತ್ತಿ ತಮ್ಮ ಪಾಲು ತೆಗೆದುಕೊಳ್ಳಬಹುದು. ಇದು ಅವರಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಗೊತ್ತಿದ್ದರೂ ಒಬ್ಬರೇ ಹೋಗಿ ಕೇಳಲು ಭಾಷೆ ಅಡ್ಡ. ನೀವು ಓದಿದ ಹುಡುಗರು, ಜೊತೆಗೆ ಹೋಗಿ ನಿಲ್ಲಿ.

ಕುವೆಂಪುನಗರ ಹುಡುಗ

ಅಣ್ಣಾ, ಅಕ್ಕಾ, ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಇಬ್ಬರು ನಾಳೆ ಸಂತೆಪೇಟೆಗೆ ಹೋಗಿ ಬೇಳೆ, ಎಣ್ಣೆ ದರ ಕೇಳಿಕೊಂಡು ಬರುತ್ತಾರೆ. ಉಳಿದವರು ಬೇರೆ ಬೇರೆ ಮೊಹಲ್ಲಾಗಳ ಅಂಗಡಿಗಳಿಗೆ ಹೋಗುತ್ತೇವೆ. ಗಂಜಾಂ ಅಣ್ಣ, ನಿಮ್ಮ ಕಡೆ ಐದು ಮನೆ ಸೇರಿಸುತ್ತೇವೆ, ಯಾವುದು ಅಂತ ನೀವೇ ಹೇಳಿ. ಮಂಡಿ ಮೊಹಲ್ಲಾ ಅಣ್ಣ, ನಿಮ್ಮ ಅಂಗಡಿಗೆ ಯಾವಾಗ ಬರಲಿ?

ಮಂಡಿ ಮೊಹಲ್ಲಾ ದಿನಸಿ

ಒಂಬತ್ತೂವರೆಗೆ ಬನ್ನಿ, ಆಗ ಜನ ಕಡಿಮೆ. ಬರುವುದನ್ನು ಬಿಟ್ಟ ಮನೆಗಳು ನನ್ನ ಪುಸ್ತಕದಲ್ಲಿ ಹನ್ನೊಂದು ಇವೆ. ಮೊದಲು ನಾನೇ ಒಂದೊಂದು ಮನೆಗೂ ಹೋಗಿ ಕೇಳಿಕೊಂಡು ಬರುತ್ತೇನೆ. ಅವರು ಹೂಂ ಅಂದ ಮೇಲೆ ನಿಮಗೆ ವಿಳಾಸ ಕೊಡುತ್ತೇನೆ. ಒಬ್ಬರೇ ಬನ್ನಿ, ಗುಂಪಾಗಿ ಬೇಡ.